ರೋಗಿಯ ಅಭಯ: ಬೆಂಗಳೂರಿನ ಆಸ್ಪತ್ರೆಗಳ ಚರಿತ್ರೆಯಿಂದ ಒಂದು ಪಾಠ

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕಾಚಾರ್ಯರು ವಿಧಿಸಿರುವರು. ವೈದ್ಯನು, ಔಷಧವು, ಪರಿಚಾರಕನು, ರೋಗಿಯು ಎಂಬಿವೇ ಆ ನಾಲ್ಕು. ಇವುಗಳಲ್ಲಿ ಒಂದು ಕುಂಟಿದರೂ ಚಿಕಿತ್ಸೆಯು ಮುಂದೆ ಸಾಗಲಾರದು. ರೋಗಿಗಿರಬೇಕಾದ ಗುಣಗಳನ್ನೆಣಿಸುವಾಗ ಆಚಾರ್ಯರು ‘ಅಭೀರುತ್ವ’ವನ್ನೂ, ಎಂದರೆ ಅಂಜದಿರುವಿಕೆಯನ್ನೂ ಸೇರಿಸಿರುವುದು ಗಮನಾರ್ಹವಾದುದು. ಬೆಂಗಳೂರಿನ ಆಸ್ಪತ್ರೆಗಳ ಚರಿತ್ರೆಯನ್ನು ಪರ್ಯಾಲೋಚಿಸಿದರೆ, ಈ ಗುಣವನ್ನು ಜನರಲ್ಲಿ ನೆಲೆಗೊಳಿಸುವುದೇ ಮಿಕ್ಕೆಲ್ಲಕ್ಕಿಂತಲೂ ದುಸ್ಸಾಧ್ಯವಾಗಿದ್ದಿತೆಂಬುದು ವಾಚಕರಿಗೆ ಮನದಟ್ಟಾಗುವುದು.

ರೋಗಿಗಳಿಗೆ ಆಶ್ರಯ ಕೊಡುವುದು ಕನ್ನಡನಾಡಿಗೆ ಹೊಸತಲ್ಲ. ಬಳ್ಳಿಗಾವೆಯ ಕೋಡಿಯಮಠದಲ್ಲಿ ನಾನಾ ಬಗೆಯ ರೋಗಿಗಳಿಗೆ ಔಷಧದಾನವು ನಡೆಯುತ್ತಿದ್ದಿತೆಂದು ಕ್ರಿ.ಶ. 1162ರ ಶಾಸನವು ಸಾರುತ್ತದೆ. ಅಲ್ಲಿಗೆ ರೋಗಿಯು ತಾನಾಗಿ ನಡೆದು ಬರುತ್ತಿದ್ದನು. ಏಳುನೂರು ವರ್ಷಗಳ ತರುವಾಯ ಬಂದ ಹೊಸ ಪದ್ಧತಿಯ ಆಸ್ಪತ್ರೆಗಾದರೋ ಕೆಲವೊಮ್ಮೆ ರೋಗಿಯನ್ನು ಎಳೆದು ತರಬೇಕಾಯಿತು.

1897ನೆಯ ಜೂನ್ 22ರಂದು ರೀಜೆಂಟರಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಬೆಂಗಳೂರಿನ ಕೋಟೆಯ ಸಮೀಪದಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ ಅಸ್ತಿಭಾರವನ್ನಿಟ್ಟರು. ಕಟ್ಟಡವು ಮುಗಿಯುವುದಕ್ಕೆ ಮೊದಲೇ, 1898ನೆಯ ಆಗಸ್ಟಿನಲ್ಲಿ, ಪ್ಲೇಗುಮಾರಿಯು ಊರನ್ನು ಹೊಕ್ಕಿತು. ಸರ್ಕಾರದವರು ಕೈಕಟ್ಟಿ ಕುಳಿತಿರಲಿಲ್ಲ. ರೈಲು ಪ್ರಯಾಣಿಕರನ್ನು ಪರೀಕ್ಷಿಸಿದರು. ರೋಗಿಗಳನ್ನು ಪ್ಲೇಗಿನ ಆಸ್ಪತ್ರೆಗೂ ಅವರ ಬಂಧುಗಳನ್ನು ಬೇರೆ ಶಿಬಿರಗಳಿಗೂ ಸಾಗಿಸಿದರು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತರಲು ಮಲ್ಲೇಶ್ವರ, ಬಸವನಗುಡಿಗಳೆಂಬ ಬಡಾವಣೆಗಳನ್ನು ನಿರ್ಮಿಸಿದರು. ಜಾತಿಯ ಕಾರಣದಿಂದ ತಿರುವಾಂಕೂರಿನಲ್ಲಿ ಉದ್ಯೋಗ ದೊರೆಯದೆ ಮೈಸೂರಿನ ಸೇವೆಗೆ ಬಂದಿದ್ದ ಡಾಕ್ಟರ್ ಪಲ್ಪು ಅವರು ಪ್ರಾಣದ ಹಂಗುದೊರೆದು ಪ್ಲೇಗಿನ ಕಾರ್ಯದಲ್ಲಿ ದುಡಿದರು.

ವೈದ್ಯರಿದ್ದರು, ಪರಿಚಾರಕರಿದ್ದರು, ಹಾಫ್ಕಿನ್ ಮಹಾಶಯನು ಮುಂಬಯಿಯಲ್ಲಿ 1897ರಲ್ಲಿ ತನ್ನ ಮೈಮೇಲೆಯೇ ಪರೀಕ್ಷಿಸಿದ ಲಸಿಕೆಯೂ ಇದ್ದಿತು. ಆದರೆ ಅಭಯವೆಲ್ಲಿದ್ದಿತು? ತಾಯಿಯಿಂದ ಮಗನನ್ನು ಅಗಲಿಸುವ ಬಂಡಿಯನ್ನು ಕಂಡೊಡನೆ ಜನರು ರೋಗವನ್ನು ಮರೆಮಾಡಿದರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ 1898ರಲ್ಲಿ ದೊಂಬಿಯೇ ನಡೆಯಿತು. ಇದನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುವುದೆಂಬುದನ್ನು ಅಧಿಕಾರಿಗಳೂ ಆಗ ಅರಿತಿರಲಿಲ್ಲ. ಇಲಿ ಬಿದ್ದೊಡನೆ ಮನೆಗೆ ಬೀಗವಿಕ್ಕಿ ಹೊಲದಲ್ಲಿ ಗುಡಿಸಲು ಹೂಡಿದ ಹಳ್ಳಿಗನು ಶಾಸ್ತ್ರವನ್ನೋದದೆಯೂ ಯುಕ್ತವಾದುದನ್ನೇ ಮಾಡಿದ್ದನು. ಅವನ ಅನುಭವವನ್ನು ಕೇಳುವ ವ್ಯವಧಾನವು ಮಾತ್ರ ಆಳುವವರಿಗೆ ಇರಲಿಲ್ಲ.

1900ನೆಯ ಡಿಸೆಂಬರ್ 8ರಂದು ಲಾರ್ಡ್ ಕರ್ಜನನು ವಿಕ್ಟೋರಿಯಾ ಆಸ್ಪತ್ರೆಯನ್ನು ತೆರೆದನು. ಬಾಗಿಲು ತೆರೆದುದು ಒಂದು ದಿನದಲ್ಲಿ. ಭಯವು ಕರಗಿದುದು ತಲೆಮಾರುಗಳಲ್ಲಿ. 1935ರಲ್ಲಿ ಅದರ ಮಗ್ಗುಲಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ವಾಣೀವಿಲಾಸ ಆಸ್ಪತ್ರೆಯಾಯಿತು. ಒಮ್ಮೆ ಸುಖವಾಗಿ ಹೆತ್ತು ಮಗುವಿನೊಡನೆ ಮನೆಗೆ ಮರಳಿದ ಹೆಂಗಸು ನೆರೆಹೊರೆಗೆ ಸಾವಿರ ಪ್ರಕಟಣೆಗಳಿಗಿಂತ ಮಿಗಿಲಾದ ಸಾಕ್ಷಿಯಾದಳು. ಅದೇ ದಶಕದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ, ಈಗ ರಾಮನಗರವೆನಿಸಿದ ಕ್ಲೋಸ್‌ಪೇಟೆಯಲ್ಲಿ ಗ್ರಾಮಾರೋಗ್ಯ ಕೇಂದ್ರವು ಏರ್ಪಟ್ಟಿತು. ರೋಗಿಯು ಬರುವನೆಂದು ಕಾದಿರದೆ, ಆರೋಗ್ಯವೇ ಮನೆಯ ಹೊಸ್ತಿಲಿಗೆ ನಡೆದು ಹೋಗಬೇಕೆಂಬುದು ಈ ಬಗೆಯ ಕೇಂದ್ರಗಳ ತತ್ತ್ವವಾಗಿದ್ದಿತು.

ನಗರದ ಪಶ್ಚಿಮಭಾಗವನ್ನು ನೋಡಿರಿ. ಮಾಗಡಿ ರಸ್ತೆಯ ಕಡೆಯ ಶ್ರೀಗಂಧದ ಕಾವಲ್ ತನ್ನ ಹೆಸರಿನಲ್ಲಿಯೇ ಮರವನ್ನೂ ಕಾವಲನ್ನೂ ಉಳಿಸಿಕೊಂಡಿದೆ. ಅಂತಹ ಹಳ್ಳಿಗಳವರಿಗೆ ದೊಡ್ಡ ಆಸ್ಪತ್ರೆಯೆಂದರೆ ಪೇಟೆಗೆ ಎತ್ತಿನ ಬಂಡಿಯ ಪ್ರಯಾಣವಾಗಿದ್ದಿತು. 1949ರಲ್ಲಿ ರಾಜಾಜಿನಗರಕ್ಕೆ ಅಸ್ತಿಭಾರವಾಗಿ ಕಾರ್ಖಾನೆಗಳು ಬೆಳೆದುವು. 1948ರ ಕಾನೂನಿನ ಮೇರೆಗೆ ಕಾರ್ಮಿಕರ ರಾಜ್ಯವಿಮಾ ಯೋಜನೆಯು 1958ರಲ್ಲಿ ಬೆಂಗಳೂರಿಗೆ ಬಂದಿತು, ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯು ಅದರ ಫಲ. ತನ್ನ ಕೂಲಿಯಿಂದ ವಂತಿಗೆ ತೆತ್ತವನು ಅಲ್ಲಿ ದಾನವನ್ನು ಬೇಡುವವನಲ್ಲ, ಹಕ್ಕುದಾರನು. ಹಕ್ಕುಳ್ಳವನಿಗೆ ಅಂಜಿಕೆ ಕಡಿಮೆ.

ಹಾಗಾದರೂ ಹಳೆಯ ಭಯವು ಸತ್ತಿರಲಿಲ್ಲ. 2020ರಲ್ಲಿ ಅದೇ ವಿಕ್ಟೋರಿಯಾ ಆಸ್ಪತ್ರೆಯು ಕೋವಿಡ್ ರೋಗಿಗಳಿಗೆ ಮೀಸಲಾದಾಗ, ಸೋಂಕಿತರ ಮನೆಗಳ ಮುಂದೆ ತಡೆ ಕಟ್ಟಿದಾಗ, ಜ್ವರವನ್ನು ಬಚ್ಚಿಟ್ಟವರು ಮತ್ತೆ ಕಾಣಿಸಿಕೊಂಡರು. ಅಂದು ಬಾಗಿಲಿನಿಂದ ಬಾಗಿಲಿಗೆ ನಡೆದು, ಹೆಸರು ಹಿಡಿದು ಮಾತನಾಡಿಸಿದ ಆಶಾ ಕಾರ್ಯಕರ್ತೆಯರೇ ಬಹುಮಂದಿಗೆ ಧೈರ್ಯವನ್ನಿತ್ತರು.

ಕಟ್ಟಡವನ್ನು ಹಣದಿಂದ ಎಬ್ಬಿಸಬಹುದು; ಔಷಧವನ್ನು ದೂರದೇಶದಿಂದ ತರಿಸಬಹುದು. ಅಭಯವನ್ನು ಮಾತ್ರ ಮಾರಿಯಿಲ್ಲದ ದಿನಗಳಲ್ಲಿ, ಹತ್ತಿರದ ಸಣ್ಣ ಆಸ್ಪತ್ರೆಯ ಒಳ್ಳೆಯ ಮಾತಿನಿಂದ, ಮನೆಮನೆಗೂ ಗಳಿಸಿಡಬೇಕು. ಮಾರಿಯು ಬಂದ ಮೇಲೆ ಅದನ್ನು ಹುಡುಕಹೊರಡುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆಯೇ ಸರಿ.