ಹಿಮಗರ್ಭದ ಸರೋವರಗಳು

ಅಂಟಾರ್ಕ್ಟಿಕ ಖಂಡವನ್ನು ಮುಚ್ಚಿರುವ ಹಿಮಸ್ತರವು ಕೆಲವೆಡೆ 4 ಕಿಲೋಮೀಟರಿಗೂ ಮಿಕ್ಕಿದ ದಪ್ಪವುಳ್ಳದ್ದು. ಅದರ ಆಳವನ್ನು ಅರಿಯಲು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅನ್ವೇಷಕರಿಗೆ ಇದ್ದ ಮುಖ್ಯ ಉಪಾಯವೆಂದರೆ, ಹಿಮದಲ್ಲಿ ರಂಧ್ರವನ್ನು ಕೊರೆದು, ಸಿಡಿಮದ್ದನ್ನು ಹೂತು ಸ್ಫೋಟಿಸಿ, ಅದರಿಂದೆದ್ದ ಕಂಪನವು ತಳದ ಶಿಲೆಯನ್ನು ಮುಟ್ಟಿ ಹಿಂದಿರುಗುವ ಕಾಲವನ್ನು ಎಣಿಸುವುದೇ ಆಗಿತ್ತು. 1949ರಿಂದ 1952ರವರೆಗೆ ನಡೆದ ನಾರ್ವೆ-ಬ್ರಿಟನ್-ಸ್ವೀಡನ್ ಸಂಯುಕ್ತ ಯಾತ್ರೆಯಲ್ಲಿ ಈ ಕಾರ್ಯವನ್ನು ನಿರ್ವಹಿಸಿದ ಗಾರ್ಡನ್ ರಾಬಿನ್ ಅವರು ಅದರ ಶ್ರಮವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಬಿರುಗಾಳಿಯಲ್ಲಿ ಬಂಡಿಗಳನ್ನು ನಿಲ್ಲಿಸಿ ಇಷ್ಟೆಲ್ಲ ಪಾಡುಪಟ್ಟ ಮೇಲೆ ದೊರೆಯುತ್ತಿದ್ದುದು ಒಂದು ತಾಣದ ಒಂದು ಅಳತೆ ಮಾತ್ರ.

ಹೊಸ ಮಾರ್ಗವು ತೆರೆದುದು ಒಂದು ಯಂತ್ರದೋಷದಿಂದ. ಹಿಮಪ್ರದೇಶದ ಮೇಲೆ ಹಾರುವ ವಿಮಾನಗಳಲ್ಲಿ ರೇಡಿಯೊ ತರಂಗಗಳಿಂದ ಎತ್ತರವನ್ನು ತಿಳಿಸುವ ಮಾಪಕಗಳು ನಿಜವಾದುದಕ್ಕಿಂತ ಹೆಚ್ಚಿನ ಎತ್ತರವನ್ನು ತೋರಿಸಿ ಚಾಲಕರನ್ನು ಅಪಾಯಕ್ಕೆ ಒಡ್ಡುತ್ತಿದ್ದವು. ಅಮೆರಿಕದ ಸೈನ್ಯದ ಸಿಗ್ನಲ್ ವಿಭಾಗದ ಅಮೋರಿ ವೇಟ್ ಅವರು, ತರಂಗಗಳು ಹಿಮದ ಮೇಲ್ಮೈಯಲ್ಲಿ ತಡೆಯದೆ ಒಳಹೊಕ್ಕು ತಳದಿಂದ ಪ್ರತಿಫಲಿಸುವುದೇ ಈ ತಪ್ಪಿಗೆ ಕಾರಣವೆಂದು ಊಹಿಸಿ, 1957ರ ಹೊತ್ತಿಗೆ ಅದನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ತಣ್ಣನೆಯ ಮಂಜುಗಡ್ಡೆಯು ಕೆಲವು ಆವರ್ತನಗಳ ರೇಡಿಯೊ ತರಂಗಗಳಿಗೆ ಬಹುಮಟ್ಟಿಗೆ ಪಾರದರ್ಶಕವೆಂಬುದು ಹೀಗೆ ಸಿದ್ಧವಾಯಿತು.

ಈ ತತ್ತ್ವವನ್ನು ಹಿಮದ ಆಳವನ್ನಳೆಯುವುದಕ್ಕೆಂದೇ ನಿರ್ಮಿತವಾದ ಉಪಕರಣವಾಗಿ ಪರಿವರ್ತಿಸಿದವರು ಕೇಂಬ್ರಿಜ್‌ನ ಸ್ಕಾಟ್ ಧ್ರುವ ಸಂಶೋಧನ ಸಂಸ್ಥೆಯ ಸ್ಟಾನ್ಲಿ ಇವಾನ್ಸ್. 35 ಮೆಗಾಹರ್ಟ್ಸ್ ಆವರ್ತನದ ಅವರ ಯಂತ್ರವು 1964ರಲ್ಲಿ ಗ್ರೀನ್‌ಲೆಂಡಿನಲ್ಲಿ ಪರೀಕ್ಷಿತವಾಯಿತು. 1967ರಲ್ಲಿ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್ನಿನ ನೆರವಿನಿಂದ ವಿಮಾನವೇರಿ ಅಂಟಾರ್ಕ್ಟಿಕದ ಒಳನಾಡಿಗೆ ಹೊರಟಿತು. ಮುಂದೆ ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯವೂ ಈ ಸಾಹಸದಲ್ಲಿ ಪಾಲುಗೊಂಡು, 60 ಮೆಗಾಹರ್ಟ್ಸ್‌ನ ರೇಡಾರನ್ನು ಒದಗಿಸಿತು. 1979ರ ವೇಳೆಗೆ ಈ ವಿಮಾನಗಳು ಸುಮಾರು 4 ಲಕ್ಷ ಕಿಲೋಮೀಟರುಗಳ ರೇಖೆಗಳನ್ನು ಕ್ರಮಿಸಿದ್ದವು. ತರಂಗವು ಹಿಮದಲ್ಲಿ ಮೈಕ್ರೊಸೆಕೆಂಡಿಗೆ ಸುಮಾರು 168 ಮೀಟರ್ ವೇಗದಿಂದ ಇಳಿದು ಮರಳುತ್ತಿದ್ದಂತೆ, ಅದರ ಪ್ರತಿಧ್ವನಿಯು ಪರದೆಯ ಮೇಲೆ ಮೂಡಿ, ನಿರಂತರವಾಗಿ ಸರಿಯುವ 35 ಮಿಲಿಮೀಟರ್ ಫಿಲ್ಮಿನಲ್ಲಿ ಅಂಕಿತವಾಗುತ್ತಿತ್ತು.

ಈ ವಿಮಾನಗಳಲ್ಲಿ ಹಾರಿದವರು ಅರಸಿದುದು ಹಿಮದ ದಪ್ಪವನ್ನು. ಅನಾಯಾಸವಾಗಿ ದೊರೆತುದು ನೀರು. ಶಿಲಾಮಯವಾದ ತಳದಿಂದ ಬರುವ ಪ್ರತಿಧ್ವನಿಯು ಚದುರಿ, ತೊಡಕಾಗಿ, ಏರಿಳಿಯುತ್ತಾ ಬರುತ್ತದೆ. ವಿದ್ಯುದ್ಗುಣದಲ್ಲಿ ಮಂಜುಗಡ್ಡೆಗಿಂತ ತೀರ ಭಿನ್ನವಾದ ನೀರು ಮಾತ್ರ, ತನ್ನ ಮೇಲ್ಮೈ ನುಣುಪಾಗಿರುವುದರಿಂದ, ಪ್ರಬಲವೂ ಸಮತಲವೂ ಆದ ಪ್ರತಿಧ್ವನಿಯನ್ನು ಹಿಂದಿರುಗಿಸುತ್ತದೆ. 1967ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟದ ಸೊವೆತ್‌ಸ್ಕಾಯ ನಿಲ್ದಾಣದ ಸಮೀಪದಲ್ಲಿ ಇಂತಹ ಗುರುತು ಮೊದಲು ಕಂಡಿತು. 1973ರಲ್ಲಿ ಸಂಶೋಧಕ ಓಸ್ವಾಲ್ಡ್ ಮತ್ತು ರಾಬಿನ್ ಅವರು ಫಿಲ್ಮುಗಳನ್ನು ಪರಿಶೀಲಿಸಿ ಹಿಮದಡಿಯಲ್ಲಿ 17 ಸರೋವರಗಳಿವೆಯೆಂದು ಪ್ರಕಟಿಸಿದರು. ಭೂಗರ್ಭದಿಂದ ನಿಧಾನವಾಗಿ ಏರಿಬರುವ ಶಾಖವನ್ನು ಮೇಲಿನ ಹಿಮವೇ ಕಂಬಳಿಯಂತೆ ಹಿಡಿದಿಡುತ್ತದೆ. ಅದರ ಭಾರವು ತಳದಲ್ಲಿ ಕರಗುವ ಉಷ್ಣಾಂಶವನ್ನು ಸೊನ್ನೆಗಿಂತ ಕೆಳಗಿಳಿಸುತ್ತದೆ. ಆದುದರಿಂದ ಜಗತ್ತಿನ ಅತಿ ಶೀತಲ ಪ್ರದೇಶದ ಅಡಿಯಲ್ಲಿಯೂ ನೀರು ದ್ರವವಾಗಿಯೇ ಉಳಿಯುವುದು ಸಾಧ್ಯವಾಗಿದೆ.

ರೇಡಾರಿಗಾದರೂ ಒಂದು ಮಿತಿಯುಂಟು. ನೀರಿನ ಮೇಲ್ಮೈಯನ್ನು ಇಷ್ಟು ಸ್ಪಷ್ಟವಾಗಿ ತೋರುವ ತರಂಗವು ನೀರಿನೊಳಗೆ ಬಹುದೂರ ಸಾಗಲಾರದು. ಸರೋವರದ ಆಳವನ್ನು ಅದು ಹೇಳಲಾರದು. ವೊಸ್ತೋಕ್ ಸರೋವರದ ಕಥೆಯಲ್ಲಿ ಈ ಕೊರತೆಯನ್ನು ನೀಗಿದುದು ಹಳೆಯ ಸಿಡಿಮದ್ದಿನ ವಿಧಾನವೇ. 1957ರಲ್ಲಿ ಸ್ಥಾಪಿತವಾದ ವೊಸ್ತೋಕ್ ನಿಲ್ದಾಣದವರಿಗೆ ತಾವು ಮಹಾಸರೋವರವೊಂದರ ಮೇಲೆ ವಾಸಿಸುತ್ತಿರುವೆವೆಂಬ ಅರಿವಿರಲಿಲ್ಲ. ಅಲ್ಲಿ ಸೋವಿಯತ್ ವಿಜ್ಞಾನಿ ಆಂದ್ರೇಯ್ ಕಾಪಿತ್ಸ ಅವರು 1959 ಹಾಗೂ 1964ರಲ್ಲಿ ದಾಖಲಿಸಿದ ಕಂಪನಗಳಲ್ಲಿ ನೀರಿನ ತಳದ ಪ್ರತಿಧ್ವನಿಯೂ ಅಡಗಿತ್ತಾದರೂ ಅದನ್ನು ಗುರುತಿಸಿದವರಿರಲಿಲ್ಲ. 1970ರ ದಶಕದ ರೇಡಾರ್ ದಾಖಲೆಗಳು ಅಲ್ಲಿ ನೀರಿರುವುದನ್ನು ಸೂಚಿಸಿದವು; ಆ ಮೇಲೆ ಯುರೋಪಿನ ಇಆರ್‌ಎಸ್-1 ಉಪಗ್ರಹವು ಅಲ್ಲಿಯ ಹಿಮದ ಮೇಲ್ಮೈಯ ಅಪೂರ್ವ ಸಮತಲತೆಯನ್ನು ಅಳೆಯಿತು. 1996ರಲ್ಲಿ ಕಾಪಿತ್ಸ, ರಾಬಿನ್ ಮೊದಲಾದವರು ಇವೆಲ್ಲವನ್ನೂ ಒಂದೆಡೆಯಿಟ್ಟು ಓದಿದಾಗ, ಸುಮಾರು 250 ಕಿಲೋಮೀಟರ್ ಉದ್ದದ, ನಿಲ್ದಾಣದ ಕೆಳಗೆ ಸುಮಾರು 500 ಮೀಟರ್ ಆಳದ ಜಲರಾಶಿಯು ಬೆಳಕಿಗೆ ಬಂದಿತು. 2012ರ ಫೆಬ್ರವರಿಯಲ್ಲಿ ರಷ್ಯನ್ನರ ಬೈರಿಗೆಯು 3,769 ಮೀಟರ್ ಇಳಿದು ಆ ನೀರನ್ನು ಮುಟ್ಟಿತು.

2022ರ ವೇಳೆಗೆ ಅಂಟಾರ್ಕ್ಟಿಕದಲ್ಲಿ ಎಣಿಕೆಗೆ ಸಿಕ್ಕ ಇಂತಹ ಸರೋವರಗಳು 675. ಕೇಂಬ್ರಿಜ್‌ನಲ್ಲಿ ಉಳಿದಿದ್ದ ಹಳೆಯ ಫಿಲ್ಮುಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರ ಮುಂದಾಳ್ತನದಲ್ಲಿ ಡಿಜಿಟಲ್ ರೂಪಕ್ಕೆ ತರಲಾಯಿತು. 1978ರ ದಾಖಲೆಗಳನ್ನು ಈಚಿನ ರೇಡಾರ್ ದಾಖಲೆಗಳೊಡನೆ ಹೋಲಿಸಿದ ವಿದ್ವಾಂಸರಿಗೆ, ಥ್ವೇಟ್ಸ್ ಹಿಮನದಿಯ ಮುಂದೆ ಸಮುದ್ರದ ಮೇಲೆ ಚಾಚಿರುವ ಹಿಮಫಲಕದ ಪೂರ್ವಭಾಗವು ಈ ಅವಧಿಯಲ್ಲಿ ತೆಳುವಾಗಿರುವುದು ತಿಳಿದುಬಂದಿತು. ದಪ್ಪವನ್ನಳೆಯಲು ಹಾರಿದವರ ಫಿಲ್ಮಿನಲ್ಲಿ ಒಂದು ತಲೆಮಾರು ಸರೋವರಗಳನ್ನು ಕಂಡಿತು. ಇನ್ನೊಂದು ತಲೆಮಾರು ಹಿಮದ ಕ್ಷಯವನ್ನು ಕಂಡಿತು. ಅಳತೆಗಾರನು ತನ್ನ ಪ್ರಶ್ನೆಗೆ ಸಲ್ಲದ ಗುರುತುಗಳನ್ನೂ ಅಳಿಸದೆ ಉಳಿಸಬೇಕೆಂಬ ನಿಯಮಕ್ಕೆ ಇದಕ್ಕಿಂತ ಬಲವಾದ ಸಮರ್ಥನೆಯು ಬೇಕಾಗಿಲ್ಲ.