ತಲೆಯೊಳಗಿನ ಗಡ್ಡೆ, ಹೊರಗಿನ ಕಣ್ಣು

ಬುರುಡೆಯೊಳಗೆ ಗಡ್ಡೆ ಬೆಳೆದರೆ, ಅದನ್ನು ತೆರೆಯದೆ ತಿಳಿಯುವುದೆಂತು? 1918ರಲ್ಲಿ ಅಮೆರಿಕದ ಬಾಲ್ಟಿಮೋರಿನ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ, ಮಿದುಳಿನ ಕುಹರಗಳಿಗೆ ಗಾಳಿ ಹೊಗಿಸಿ ಎಕ್ಸ್‌ರೇ ತೆಗೆದರು. ಕುಹರವು ಒತ್ತರಿಸಿಹೋಗಿದ್ದರೆ ಅಲ್ಲಿಯೇ ಗಡ್ಡೆಯೆಂದು ಊಹೆ. 1927ರಲ್ಲಿ ಲಿಸ್ಬನ್ನಿನ ಎಗಾಸ್ ಮೊನಿಸ್ ಮಿದುಳಿನ ರಕ್ತನಾಳಗಳನ್ನೇ ಎಕ್ಸ್‌ರೇಯಲ್ಲಿ ಕಾಣಿಸಿದರು. 1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರವು ಮೊದಲ ರೋಗಿಯ ಮಿದುಳನ್ನು ಪದರಪದರವಾಗಿ ತೋರಿಸಿತು.

1973ರಲ್ಲಿ ಪಾಲ್ ಲಾಟರ್‌ಬರ್ ಹೊಸ ದಾರಿ ತೋರಿದರು. ಅದೇ ಮುಂದೆ ಎಂ.ಆರ್.ಐ. ಆಯಿತು. ಬಲವಾದ ಕಾಂತದೊಳಗೆ ದೇಹದ ನೀರಿನ ಜಲಜನಕವು ರೇಡಿಯೋ ಅಲೆಗಳಿಗೆ ಮರುದನಿ ಕೊಡುತ್ತದೆ; ಆ ದನಿಯೇ ಚಿತ್ರವಾಗುತ್ತದೆ. ರೇಡಿಯೋ ಕೇಳುವ ನಿಮಗೆ ಇದು ಸೋಜಿಗವೆನಿಸದೆ?

ಆದರೆ ಗಡ್ಡೆ ಎಲ್ಲಿದೆಯೆಂಬುದು ಒಂದು ಮಾತು, ಎಂತಹುದೆಂಬುದು ಇನ್ನೊಂದು. ವೈದ್ಯರು 1ರಿಂದ 4ರವರೆಗೆ ದರ್ಜೆ ಹೇಳುತ್ತಾರೆ. ಒಂದನೆಯದು ಮೆಲ್ಲಗೆ ಬೆಳೆಯುವುದು. ನಾಲ್ಕನೆಯದು ಅತಿ ಉಗ್ರ. ಗ್ಯಾಡೊಲಿನಿಯಂ ಎಂಬ ಲೋಹದ ಮದ್ದನ್ನು ರಕ್ತಕ್ಕೆ ಕೊಟ್ಟರೆ, ರಕ್ತನಾಳದ ಗೋಡೆ ಕೆಟ್ಟೆಡೆಯಲ್ಲಿ ಅದು ಸೋರಿ ಬೆಳ್ಳಗೆ ಹೊಳೆಯುತ್ತದೆ. ಉಗ್ರ ಗಡ್ಡೆ ಅನೇಕ ವೇಳೆ ಬಳೆಯಂತೆ ಹೊಳೆಯುವುದುಂಟು. ಆದರೂ ಮಕ್ಕಳಲ್ಲಿ ಕಾಣುವ ಮೊದಲ ದರ್ಜೆಯ ಒಂದು ಗಡ್ಡೆಯೂ ಹೊಳೆಯುತ್ತದೆ. ಹೊಳೆಯದ ಉಗ್ರ ಗಡ್ಡೆಗಳೂ ಉಂಟು.

ಆದುದರಿಂದ ಚಿತ್ರ ಹೇಳುವುದು ಬಲವಾದ ಊಹೆಯನ್ನು. ಕೊನೆಯ ತೀರ್ಪು ಸಾಮಾನ್ಯವಾಗಿ ಗಡ್ಡೆಯ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ. 2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವು ಹಲವು ಗಡ್ಡೆಗಳಿಗೆ ಜೀನಿನ ಪರೀಕ್ಷೆಯನ್ನೂ ಸೇರಿಸಿದೆ. ನಿಮ್ಮವರ ಚಿತ್ರದಲ್ಲಿ ಬಿಳಿಯ ಬಳೆ ಕಂಡಿತೆಂದು ಎದೆಗೆಡಬೇಡಿ, ಕಾಣಲಿಲ್ಲವೆಂದು ಉದಾಸೀನರಾಗಲೂಬೇಡಿ. ಆ ಚೂರಿನ ವರದಿ ಬರುವವರೆಗೆ ದರ್ಜೆಯ ಮಾತು ಅರ್ಧವೇ.