‘ಬಲಿಷ್ಠರಷ್ಟೇ ಉಳಿಯುತ್ತಾರೆ’ ಎಂಬುದು ಪ್ರಕೃತಿಯ ನಿಯಮವೇ? ಕಲ್ಲು-ಕಾಗದ-ಕತ್ತರಿ ಆಟ ಹೇಳುವುದೇ ಬೇರೆ

ಗರ್ಜಿಸುವ ಸಿಂಹದ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ ‘ಬಲಿಷ್ಠರು ಉಳಿಯುತ್ತಾರೆ, ದುರ್ಬಲರು ಅಳಿಯುತ್ತಾರೆ. ಇದು ಪ್ರಕೃತಿಯ ನಿಯಮ – ಡಾರ್ವಿನ್’. ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಕೆಲವರು ಇದನ್ನು ಹುರುಪು ತುಂಬಲು ಕಳಿಸುತ್ತಾರೆ. ಇನ್ನು ಕೆಲವರು ‘ಕೈಲಾಗದವರಿಗೆ ನೆರವು ಯಾಕೆ?’ ಎಂಬ ವಾದಕ್ಕೆ ವಿಜ್ಞಾನದ ಮುದ್ರೆ ಒತ್ತಲು ಬಳಸುತ್ತಾರೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲಿಗೆ, ಆ ಮಾತು ಯಾರದು?

‘ಅತ್ಯಂತ ಯೋಗ್ಯವಾದದ್ದರ ಉಳಿವು’ ಎಂಬ ಪದಗುಚ್ಛವನ್ನು 1864ರಲ್ಲಿ ಬಳಕೆಗೆ ತಂದವರು ಹರ್ಬರ್ಟ್ ಸ್ಪೆನ್ಸರ್. ಡಾರ್ವಿನ್ ಅದನ್ನು ತಮ್ಮ ‘ಜೀವಸಂಕುಲಗಳ ಉಗಮ’ ಪುಸ್ತಕಕ್ಕೆ ಸೇರಿಸಿಕೊಂಡದ್ದು 1869ರ ಐದನೇ ಆವೃತ್ತಿಯಲ್ಲಿ. ಅಲ್ಲಿ ‘ಯೋಗ್ಯ’ ಎಂದರೆ ತೋಳ್ಬಲ ಇರುವುದು ಎಂದಲ್ಲ. ಇರುವ ಪರಿಸರಕ್ಕೆ ಹೊಂದಿಕೊಂಡು ಹೆಚ್ಚು ಸಂತತಿ ಬಿಡುವುದು ಎಂದರ್ಥ.

ಸರಿ, ಡಾರ್ವಿನ್ ಹೇಳದಿದ್ದರೇನು, ಮಾತು ನಿಜವಿರಬಹುದಲ್ಲ? ಅದನ್ನು ಪರೀಕ್ಷಿಸಲು ಒಳ್ಳೆಯ ಜಾಗವೆಂದರೆ, ಓಡಿಹೋಗಲು ಆಗದ ಜೀವಿಗಳ ಲೋಕ.

ಜಾಗಕ್ಕಾಗಿ ಜಗಳ

ಮರ, ಹುಲ್ಲು, ಹವಳ, ಸ್ಪಂಜು, ಕಡಲ ಬಂಡೆಗೆ ಅಂಟಿ ಬೆಳೆಯುವ ಚಿಪ್ಪುಜೀವಿಗಳು ಒಮ್ಮೆ ನೆಲೆ ಊರಿದರೆ ಬದುಕೆಲ್ಲ ಅಲ್ಲಿಯೇ. ಇವುಗಳಿಗೆ ಜಾಗವೇ ಆಸ್ತಿ. ಪಕ್ಕದವರ ಮೇಲೆ ಹಬ್ಬಿ, ನೆರಳು ಮುಚ್ಚಿ, ವಿಷ ಸೂಸಿ ಅವು ಜಾಗ ಕಸಿದುಕೊಳ್ಳುತ್ತವೆ. ಹೀಗಿದ್ದ ಮೇಲೆ ಅತ್ಯಂತ ಜಗಳಗಂಟ ಜೀವಿಯೇ ಎಲ್ಲವನ್ನೂ ಆಕ್ರಮಿಸಬೇಕಿತ್ತು. ಆದರೆ ಹವಳದ ದಿಬ್ಬದಲ್ಲಿ ಅಂಗೈ ಅಗಲದ ಜಾಗದಲ್ಲೂ ಹಲವು ಜಾತಿಗಳು ಒಟ್ಟಿಗಿರುತ್ತವೆ. ಹೇಗೆ?

ಇದಕ್ಕೆ ಉತ್ತರ ಹುಡುಕಲು ವಿಜ್ಞಾನಿಗಳು ಕಂಪ್ಯೂಟರ್ ಮಾದರಿಗಳನ್ನೂ ಬಳಸುತ್ತಾರೆ. ಪರದೆಯ ಮೇಲೆ ಚದುರಂಗದ ಹಾಸಿನಂಥ ಮನೆಗಳು. ಒಂದೊಂದು ಮನೆಯಲ್ಲಿ ಒಂದೊಂದು ಜೀವಿ. ಕಂಪ್ಯೂಟರ್ ಯಾವುದೋ ಒಂದು ಮನೆಯನ್ನು ಚೀಟಿ ಎತ್ತಿದಂತೆ ಆರಿಸಿ, ಪಕ್ಕದ ಮನೆಯೊಂದಿಗೆ ಹೋಲಿಸುತ್ತದೆ. ಗೆದ್ದವರು ಸೋತವರ ಮನೆಗೂ ಹಬ್ಬುತ್ತಾರೆ. ಇಷ್ಟನ್ನೇ ಲಕ್ಷಗಟ್ಟಲೆ ಸಲ ಮಾಡುತ್ತಾ ಹೋಗುತ್ತದೆ.

ಮನೆಯಲ್ಲೇ ಆಡಿ ನೋಡಿ

ಇದಕ್ಕೆ ಕಂಪ್ಯೂಟರೇ ಬೇಕೆಂದಿಲ್ಲ. ಹಾಳೆಯ ಮೇಲೆ ಅಡ್ಡಕ್ಕೆ ಆರು, ಉದ್ದಕ್ಕೆ ಆರು, ಒಟ್ಟು 36 ಮನೆ ಬರೆಯಿರಿ. ಅಕ್ಕಿ, ಹೆಸರುಕಾಳು, ಕಡಲೆಯನ್ನು ಮನೆಗೊಂದರಂತೆ ಬೆರೆಸಿ ಇಡಿ. ನಿಯಮ ಕಲ್ಲು-ಕಾಗದ-ಕತ್ತರಿ ಆಟದ್ದೇ: ಅಕ್ಕಿ ಹೆಸರನ್ನು ಗೆಲ್ಲುತ್ತದೆ, ಹೆಸರು ಕಡಲೆಯನ್ನು ಗೆಲ್ಲುತ್ತದೆ, ಕಡಲೆ ಅಕ್ಕಿಯನ್ನು ಗೆಲ್ಲುತ್ತದೆ.

ದಾಳವನ್ನು ಎರಡು ಸಲ ಉರುಳಿಸಿ ಒಂದು ಮನೆ ಆರಿಸಿ: ಮೊದಲನೆಯದು ಸಾಲು, ಎರಡನೆಯದು ಕಂಬ. ಮೂರನೇ ಸಲ ಉರುಳಿಸಿದಾಗ 1 ಬಿದ್ದರೆ ಮೇಲಿನ ಮನೆ, 2 ಕೆಳಗಿನದು, 3 ಎಡಗಡೆಯದು, 4 ಬಲಗಡೆಯದು. 5 ಅಥವಾ 6 ಬಿದ್ದರೆ, ಇಲ್ಲವೇ ಆ ಕಡೆ ಮನೆಯೇ ಇಲ್ಲದಿದ್ದರೆ ಮತ್ತೆ ಉರುಳಿಸಿ. ಎರಡು ಮನೆಗಳಲ್ಲಿ ಸೋತ ಕಾಳನ್ನು ತೆಗೆದು ಗೆದ್ದ ಕಾಳನ್ನು ಇಡಿ. ಎರಡೂ ಒಂದೇ ಕಾಳಾದರೆ ಹಾಗೇ ಬಿಡಿ.

ಕಾಳುಗಳು ಗುಂಪುಗೂಡುವುದು, ಒಂದು ಗುಂಪು ಇನ್ನೊಂದನ್ನು ಅಟ್ಟಿಕೊಂಡು ಹೋಗುವುದು ಕಾಣುತ್ತದೆ. ಆದರೆ 36 ಮನೆಯಷ್ಟು ಚಿಕ್ಕ ಹಾಸಿನಲ್ಲಿ ಕೊನೆಗೆ ಒಂದೇ ಕಾಳು ಉಳಿಯುತ್ತದೆ. ಕಂಪ್ಯೂಟರಿನ ದೊಡ್ಡ ಹಾಸಿನಲ್ಲಿ ಹಾಗಾಗುವುದಿಲ್ಲ. ಒಂದು ಮೂಲೆಯಲ್ಲಿ ಸೋತದ್ದು ಇನ್ನೊಂದು ಮೂಲೆಯಲ್ಲಿ ಗೆಲ್ಲುತ್ತಿರುತ್ತದೆ, ಮೂರೂ ಬಹಳ ಕಾಲ ಬಾಳುತ್ತವೆ. ಜೀವಿಗಳ ನೆಲೆಯನ್ನು ಚೂರುಚೂರು ಮಾಡಿದರೆ ಏನಾಗಬಹುದು ಎಂಬುದಕ್ಕೆ ಇದೊಂದು ಸುಳಿವು.

ದುರ್ಬಲನಿಗೇ ದೊಡ್ಡ ಪಾಲು!

ಈಗ ಅಕ್ಕಿಯ ಕೈ ಕಟ್ಟೋಣ. ಅಕ್ಕಿ ಮತ್ತು ಹೆಸರು ಎದುರಾದಾಗ ನಾಣ್ಯ ಚಿಮ್ಮಿ, ತಲೆ ಬಿದ್ದರೆ ಮಾತ್ರ ಅಕ್ಕಿಗೆ ಗೆಲುವು. ಇಲ್ಲದಿದ್ದರೆ ಯಥಾಸ್ಥಿತಿ. ಈಗ ಅಕ್ಕಿಯೇ ಅಳಿಯಬೇಕಲ್ಲವೇ?

ಲೆಕ್ಕ ಹಾಕಿ. ಅಕ್ಕಿಯ ಕಾಟ ಕಡಿಮೆಯಾದ್ದರಿಂದ ಹೆಸರು ಹೆಚ್ಚುತ್ತದೆ. ಹೆಸರು ಹೆಚ್ಚಿದರೆ ಕಡಲೆ ಕುಸಿಯುತ್ತದೆ. ಕಡಲೆ ಯಾರ ಶತ್ರು? ಅಕ್ಕಿಯದೇ! ಶತ್ರು ಕುಸಿದ ಮೇಲೆ ಅಕ್ಕಿ ನಿರಾಳ. ಮಾರ್ಕಸ್ ಫ್ರೀನ್ ಮತ್ತು ಎಡ್ವರ್ಡ್ ಅಬ್ರಹಾಂ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದು ಇದನ್ನೇ. ಇಂಥ ಸುತ್ತುಬಳಸಿನ ಪೈಪೋಟಿಯಲ್ಲಿ ಅತಿ ದುರ್ಬಲ ಆಟಗಾರನೇ ಹೆಚ್ಚು ಜಾಗ ಪಡೆಯಬಹುದು.

ಇದು ಬರೀ ಪರದೆಯ ಮೇಲಿನ ಆಟವೇ?

ಅಲ್ಲ. ಜೆರೆಮಿ ಜಾಕ್ಸನ್ ಮತ್ತು ಲಿಯೊ ಬಸ್ ಜಮೈಕಾದ ಹವಳಗಳ ಅಡಿಭಾಗದಲ್ಲಿ ಬೆಳೆಯುವ ಸ್ಪಂಜು ಮೊದಲಾದ ಜೀವಿಗಳನ್ನು ಗಮನಿಸಿ, ಅಲ್ಲಿ ಒಬ್ಬನೇ ‘ರಾಜ’ ಇಲ್ಲ, ಯಾರು ಯಾರನ್ನು ಗೆಲ್ಲುತ್ತಾರೆ ಎಂಬುದು ಒಂದು ಬಲೆಯಂತಿದೆ ಎಂದು 1975ರಲ್ಲಿ ವಾದಿಸಿದರು.

2002ರಲ್ಲಿ ಬೆಂಜಮಿನ್ ಕೆರ್ ಮತ್ತು ಸಂಗಡಿಗರು ಇ. ಕೋಲಿ ಬ್ಯಾಕ್ಟೀರಿಯಾದ ಮೂರು ತಳಿಗಳನ್ನು ಬೆಳೆಸಿದರು. ಒಂದು ವಿಷ ಉಗುಳುತ್ತದೆ. ಇನ್ನೊಂದು ಆ ವಿಷಕ್ಕೆ ಸಾಯುತ್ತದೆ. ಮತ್ತೊಂದು ಆ ವಿಷವನ್ನು ತಡೆದುಕೊಳ್ಳುತ್ತದೆ. ವಿಷ ತಯಾರಿಕೆಯ ಖರ್ಚಿಲ್ಲದ್ದರಿಂದ ತಡೆದುಕೊಳ್ಳುವ ತಳಿ ವಿಷದ ತಳಿಗಿಂತ ಬೇಗ ಬೆಳೆಯುತ್ತದೆ. ತಡೆಯುವ ಖರ್ಚೂ ಇಲ್ಲದ್ದರಿಂದ ಸಾಯುವ ತಳಿ ಅದಕ್ಕಿಂತಲೂ ಬೇಗ ಬೆಳೆಯುತ್ತದೆ. ಅಂದರೆ ಥೇಟ್ ಕಲ್ಲು-ಕಾಗದ-ಕತ್ತರಿ. ಕದಡದ ತಟ್ಟೆಯಲ್ಲಿ ಮೂರೂ ಉಳಿದವು. ಫ್ಲಾಸ್ಕಿನಲ್ಲಿ ಕಲಕುತ್ತಾ ಇಟ್ಟಾಗ ತಡೆದುಕೊಳ್ಳುವ ತಳಿಯೊಂದೇ ಉಳಿಯಿತು. ತಳಿಗಳು ಅವೇ, ಬದಲಾದದ್ದು ನೆರೆಹೊರೆ ಮಾತ್ರ. ಅವರ ಕಂಪ್ಯೂಟರ್ ಮಾದರಿಯೂ ಇದನ್ನೇ ತೋರಿಸಿತ್ತು.

ಹಾಗಾದರೆ ಸಂದೇಶ ಪೂರ್ತಿ ಸುಳ್ಳೇ?

ಕೆಲವು ಕಡೆ ಒಬ್ಬನೇ ಗೆಲ್ಲುವುದೂ ಉಂಟು. ಅಮೆರಿಕದ ಪಶ್ಚಿಮ ಕರಾವಳಿಯ ಮಕಾ ಕೊಲ್ಲಿಯಲ್ಲಿ ರಾಬರ್ಟ್ ಪೇನ್ ಒಂದು ಬಂಡೆಯ ಭಾಗದಿಂದ ನಕ್ಷತ್ರಮೀನುಗಳನ್ನು ತೆಗೆಯುತ್ತಾ ಬಂದರು. ಅವು ತಿನ್ನುತ್ತಿದ್ದ ಮಸಲ್‌ಗಳು, ಅಂದರೆ ನಮ್ಮ ಕರಾವಳಿಯ ಪಚ್ಚಿಲೆಯ ಬಳಗದ ಚಿಪ್ಪುಜೀವಿಗಳು, ಜಾಗವನ್ನು ಆಕ್ರಮಿಸತೊಡಗಿದವು. 15 ಇದ್ದ ಜಾತಿಗಳ ಸಂಖ್ಯೆ 8ಕ್ಕೆ ಇಳಿಯಿತು ಎಂದು 1966ರಲ್ಲಿ ಅವರು ವರದಿ ಮಾಡಿದರು. ಅಂದರೆ ಅಲ್ಲಿ ಬಲಿಷ್ಠನಿದ್ದ, ಆದರೆ ಅವನನ್ನು ಹದ್ದುಬಸ್ತಿನಲ್ಲಿಡಲು ಇನ್ನೊಂದು ಜೀವಿಯೂ ಇತ್ತು.

ಇನ್ನೊಂದು ಎಚ್ಚರಿಕೆ. ‘ಕಂಪ್ಯೂಟರೇ ಹೇಳಿದೆ’ ಎಂಬ ಸಂದೇಶ ಬಂದರೂ ಕಣ್ಣುಮುಚ್ಚಿ ನಂಬಬೇಡಿ. ಮಾದರಿ ಭವಿಷ್ಯ ಹೇಳುವ ಗಿಳಿಯಲ್ಲ. ನಾವು ಕೊಟ್ಟ ನಿಯಮಗಳಿಂದ ಏನಾಗುತ್ತದೆ ಎಂದಷ್ಟೇ ಅದು ತೋರಿಸುತ್ತದೆ. ನಿಯಮ ಸರಿಯೇ ಎಂದು ತಿಳಿಯಲು ಬಂಡೆಯ ಬಳಿಗೋ ಪ್ರಯೋಗಾಲಯಕ್ಕೋ ಹೋಗಲೇಬೇಕು.

ಒಟ್ಟಿನಲ್ಲಿ

‘ಬಲಿಷ್ಠರಷ್ಟೇ ಉಳಿಯುತ್ತಾರೆ’ ಎಂಬುದು ಪ್ರಕೃತಿಯ ನಿಯಮವಲ್ಲ. ಯಾರು ಉಳಿಯುತ್ತಾರೆ ಎಂಬುದು ಪಕ್ಕದಲ್ಲಿ ಯಾರಿದ್ದಾರೆ, ಜಾಗ ಎಷ್ಟಿದೆ ಎಂಬುದರ ಮೇಲೂ ನಿಂತಿದೆ. ಇನ್ನು, ಕಷ್ಟದಲ್ಲಿರುವ ಮನುಷ್ಯರಿಗೆ ಕೈ ನೀಡಬೇಕೇ ಬೇಡವೇ ಎಂಬುದನ್ನು ಹವಳವನ್ನೋ ಬ್ಯಾಕ್ಟೀರಿಯಾವನ್ನೋ ಕೇಳಿ ತೀರ್ಮಾನಿಸಬೇಕಿಲ್ಲ. ಅದು ನಮ್ಮದೇ ಆಯ್ಕೆ. ಸಿಂಹದ ಚಿತ್ರ ಮುಂದಿನ ಸಲ ಬಂದಾಗ ಫಾರ್ವರ್ಡ್ ಒತ್ತುವ ಮುನ್ನ ಅಕ್ಕಿ, ಹೆಸರು, ಕಡಲೆಯನ್ನು ನೆನಪಿಸಿಕೊಳ್ಳಿ.